ಇಡುಗಂಟು ಎಣಿಸುವ ಮೊದಲು ಪಿಂಚಣಿಯ ಲೆಕ್ಕ ಕೇಳಿ

2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನ 78,569 ನೌಕರರು ಒಂದೇ ದಿನ ಕೆಲಸ ಬಿಟ್ಟು ಮನೆಗೆ ಹೋದರು. ಅವರನ್ನು ಯಾರೂ ತೆಗೆದುಹಾಕಿರಲಿಲ್ಲ. 2019ರ ಅಕ್ಟೋಬರ್ 23ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಪುನಶ್ಚೇತನ ಯೋಜನೆಯಲ್ಲಿ ಸ್ವಯಂ ನಿವೃತ್ತಿಯೂ (ವಿಆರ್‌ಎಸ್) ಒಂದು ಭಾಗವಾಗಿತ್ತು. ಐವತ್ತು ತುಂಬಿದವರೆಲ್ಲ ಅರ್ಜಿ ಹಾಕಬಹುದಿತ್ತು. ನವೆಂಬರ್ ಮೊದಲ ವಾರದಲ್ಲಿ ಶುರುವಾದ ಅರ್ಜಿ ಡಿಸೆಂಬರ್ 3ಕ್ಕೆ ಮುಗಿಯಿತು. ಇಪ್ಪತ್ತೈದು, ಮೂವತ್ತು ವರ್ಷ ದುಡಿದ ನೌಕರಿಯನ್ನು ಬಿಡಬೇಕೋ ಬೇಡವೋ ಎಂದು ಯೋಚಿಸಲು ಅವರಿಗೆ ಸಿಕ್ಕದ್ದು ಒಂದೇ ತಿಂಗಳು.

ಆ ತಿಂಗಳು ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಪರಿಹಾರದ ಲೆಕ್ಕ. ಮಾಡಿದ ಪ್ರತಿ ವರ್ಷದ ಸೇವೆಗೆ 35 ದಿನದ ಸಂಬಳ, ಉಳಿದ ಪ್ರತಿ ವರ್ಷಕ್ಕೆ 25 ದಿನದ ಸಂಬಳ. ಗುಜರಾತ್ ಮಾದರಿ ಎಂದು ಅದಕ್ಕೆ ಹೆಸರು. ಕೈಗೆ ಎಷ್ಟು ಲಕ್ಷ ಬರುತ್ತದೆ ಎಂಬುದೇ ಮಾತು. ಆದರೆ ಹೊರಬಂದ ಮೇಲೆ ಅವರ ಮನೆಯ ಒಲೆ ಉರಿಸಿದ್ದು ಆ ಲಕ್ಷಗಳಿಗಿಂತ ಹೆಚ್ಚಾಗಿ ತಿಂಗಳ ಪಿಂಚಣಿ. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಹುಟ್ಟಿದಾಗ ದೂರಸಂಪರ್ಕ ಇಲಾಖೆಯಿಂದ ಬಂದು ಸೇರಿದವರಿಗೆ ಕೇಂದ್ರ ಪಿಂಚಣಿ ನಿಯಮದ 37-ಎ ಅಡಿಯಲ್ಲಿ ಸರ್ಕಾರಿ ಪಿಂಚಣಿಯ ಹಕ್ಕು ಉಳಿದಿತ್ತು. ಕಂಪನಿ ಬಿಟ್ಟರೂ ಆ ಹಕ್ಕು ಅವರನ್ನು ಬಿಡಲಿಲ್ಲ. ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಪಡೆಯುವ ಕಮ್ಯುಟೇಷನ್‌ಗೆ ಮಾತ್ರ 60 ತುಂಬುವವರೆಗೆ ಕಾಯಬೇಕೆಂಬ ಷರತ್ತಿತ್ತು. ಆ ಹಣ ತಕ್ಷಣ ಬರುತ್ತದೆಂದು ನಂಬಿ ಮಗಳ ಮದುವೆಗೆ ದಿನ ಗೊತ್ತುಮಾಡುವ ಮನೆಗೆ ಇಂಥ ಒಂದು ಸಾಲಿನ ಷರತ್ತು ಎಷ್ಟು ಭಾರವಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಷಯವನ್ನು ಕೌತಾಳಂ, ಕೋಸಿಗಿ, ಮಂತ್ರಾಲಯ, ಆದೋನಿ ಕಡೆಯ ಕನ್ನಡ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಎಳೆದರೂ ಬದುಕು ಎರಡೂ ಕಡೆ ಹರಡಿಕೊಂಡೇ ಇದೆ. ಒಂದೇ ಮನೆಯಲ್ಲಿ ಅಣ್ಣ ಆಂಧ್ರದ ಕನ್ನಡ ಮಾಧ್ಯಮ ಶಾಲೆಯ ಮೇಷ್ಟ್ರು, ತಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ, ತಂಗಿ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಭಾವ ಆದೋನಿಯ ಜಿನ್ನಿಂಗ್ ಮಿಲ್ಲಿನಲ್ಲಿ. ಊಟದ ತಟ್ಟೆ ಒಂದೇ ಸಾಲಿನಲ್ಲಿದ್ದರೂ ನಾಲ್ವರ ಮುಪ್ಪಿನ ಲೆಕ್ಕ ಒಂದೇ ಅಲ್ಲ. ಒಬ್ಬರಿಗೆ ಸರಿಯಾದ ಸಲಹೆ ಇನ್ನೊಬ್ಬರಿಗೆ ನಷ್ಟ ತರಬಹುದು. 'ಪಕ್ಕದ ಮನೆಯವರು ವಿಆರ್‌ಎಸ್ ತಗೊಂಡು ಆರಾಮಾಗಿದಾರೆ' ಎಂಬ ಮಾತು ಕೇಳಿ ಅರ್ಜಿ ಬರೆಯುವವರನ್ನು ಕಂಡಾಗ ಭಯವಾಗುತ್ತದೆ.

ಬಿಎಸ್‌ಎನ್‌ಎಲ್ ಪಕ್ಕದಲ್ಲಿ ಎಚ್‌ಎಂಟಿಯನ್ನು ಇಟ್ಟು ನೋಡಿದರೆ ಭೇದ ತಿಳಿಯುತ್ತದೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆ ಅದು. ಅದರ ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ನೌಕರರ ಪರಿಹಾರವನ್ನು 2007ರ ವೇತನ ಶ್ರೇಣಿಯಲ್ಲಿ ಕಾಲ್ಪನಿಕವಾಗಿ ಲೆಕ್ಕ ಹಾಕಿ ಕೊಡಲು ನಿರ್ಧಾರವಾಯಿತು. ಇಡುಗಂಟು ಇವರಿಗೂ ಬಂತು. ಆದರೆ ಅದರ ಬೆನ್ನಿಗೆ ಸರ್ಕಾರಿ ಪಿಂಚಣಿ ಇರಲಿಲ್ಲ. ಪಿಎಫ್ ಜೊತೆಗಿನ 1995ರ ನೌಕರರ ಪಿಂಚಣಿ ಯೋಜನೆ, ಜನ ಇಪಿಎಸ್ ಎನ್ನುವುದು, ಅದಷ್ಟೇ ಆಸರೆ. ಅದು ನಿಜವಾದ ಸಂಬಳದ ಮೇಲೆ ನಡೆಯುವುದಿಲ್ಲ, ಒಂದು ಮಿತಿಯ ಮೇಲೆ ನಡೆಯುತ್ತದೆ. 2014ರ ಆಗಸ್ಟ್‌ವರೆಗೆ ಆ ಮಿತಿ ತಿಂಗಳಿಗೆ 6,500 ರೂಪಾಯಿ, ಆಮೇಲೆ 15,000. ಹಳೆಯ ಮಿತಿಯಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ, ನಿಯಮದಂತೆ ಎರಡು ವರ್ಷ ಸೇರಿಸಿಕೊಂಡರೂ, ತಿಂಗಳಿಗೆ ಸುಮಾರು 2,043 ರೂಪಾಯಿ. ಒಂದೇ ದೇಶದ ಎರಡು ಸರ್ಕಾರಿ ಕಂಪನಿಗಳು, ಎರಡರ ಕಾಗದದ ಮೇಲೂ ವಿಆರ್‌ಎಸ್ ಎಂದೇ ಬರೆದಿತ್ತು. ಒಂದರಲ್ಲಿ ಅದು ನಿವೃತ್ತಿ, ಇನ್ನೊಂದರಲ್ಲಿ ಹೊಸ ದುಡಿಮೆ ಹುಡುಕಲೇಬೇಕಾದ ಗಡುವು. ಕೈಗೆ ಬರುವ ಮೊತ್ತವನ್ನು ನೋಡುವ ಮೊದಲು ನಿಮ್ಮದು ಯಾವ ಪಿಂಚಣಿ ಎಂದು ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಸರ್ಕಾರಿ ನೌಕರಿಯಲ್ಲಿರುವವರಿಗೆ ಇನ್ನೊಂದು ಅಪಾಯವಿದೆ. ಬೇರೆ ಕೆಲಸ ಸಿಕ್ಕ ಸಂಭ್ರಮದಲ್ಲಿ ಅಥವಾ ಮೇಲಧಿಕಾರಿಯ ಮೇಲಿನ ಸಿಟ್ಟಿನಲ್ಲಿ ರಾಜೀನಾಮೆ ಬರೆದುಕೊಡುವುದು. ಸ್ವಯಂ ನಿವೃತ್ತಿ ಪಡೆದವರಿಗೆ ಪಿಂಚಣಿ ಬರುತ್ತದೆ. ರಾಜೀನಾಮೆ ಕೊಟ್ಟವರ ಹಿಂದಿನ ಸೇವೆಯೆಲ್ಲ ಲೆಕ್ಕದಿಂದ ಅಳಿಸಿಹೋಗುತ್ತದೆ. 2004ರಲ್ಲಿ ಯುಕೋ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. 2019ರ ಡಿಸೆಂಬರಿನಲ್ಲಿ ದೆಹಲಿಯ ಬಿಎಸ್‌ಇಎಸ್ ಯಮುನಾ ವಿದ್ಯುತ್ ಕಂಪನಿಯ ಪ್ರಕರಣದಲ್ಲೂ ಅದನ್ನೇ ಹೇಳಿತು. ಇಪ್ಪತ್ತು ವರ್ಷ ದುಡಿದಿದ್ದೇನೆ, ನಾನು ಬರೆದದ್ದನ್ನು ಸ್ವಯಂ ನಿವೃತ್ತಿ ಎಂದು ತಿಳಿಯಿರಿ ಎಂಬ ಕೋರಿಕೆ ನಡೆಯಲಿಲ್ಲ. ಈ ನಿಯಮ ತೀರಾ ಕಠೋರ ಎಂದು ನನಗನ್ನಿಸುತ್ತದೆ, ಎರಡು ದಶಕದ ದುಡಿಮೆ ಒಂದು ಅರ್ಜಿಯ ಒಕ್ಕಣೆಯಿಂದ ಸೊನ್ನೆಯಾಗಬಾರದು. ಆದರೆ ಕಾನೂನು ಇಂದು ಹೀಗೇ ಇದೆ, ಅದನ್ನು ತಿಳಿದೇ ಹೆಜ್ಜೆ ಇಡಬೇಕು.

ಎಷ್ಟು ವರ್ಷಕ್ಕೆ ಸ್ವಯಂ ನಿವೃತ್ತಿ? ಗಡಿ ದಾಟಿದರೆ ಉತ್ತರ ಬದಲಾಗುತ್ತದೆ. ಆಂಧ್ರದ 1980ರ ಪಿಂಚಣಿ ನಿಯಮಗಳ 43ನೇ ನಿಯಮದಂತೆ ಇಪ್ಪತ್ತು ವರ್ಷದ ಅರ್ಹ ಸೇವೆ ಬೇಕು, ಮೂರು ತಿಂಗಳ ನೋಟಿಸ್ ಕೊಡಬೇಕು. ಕರ್ನಾಟಕದ ಸೇವಾ ನಿಯಮಾವಳಿಯ 285ನೇ ನಿಯಮದಲ್ಲಿ ಹದಿನೈದು ವರ್ಷ ಸಾಕು. ಗುಂತಕಲ್ ವಿಭಾಗದ ರೈಲ್ವೆ ನೌಕರರಂಥ ಕೇಂದ್ರದವರಿಗೆ ಇಪ್ಪತ್ತು. ಹಾಗಾಗಿ ಸಿರುಗುಪ್ಪದ ನೆಂಟರು ಹದಿನಾರು ವರ್ಷಕ್ಕೆ ಹೊರಬಂದರೆಂದು ಕೌತಾಳಂನ ಮೇಷ್ಟ್ರು ಅದೇ ದಾರಿ ಹಿಡಿಯುವಂತಿಲ್ಲ. 'ಅರ್ಹ ಸೇವೆ' ಎಂಬುದನ್ನೂ ಗಮನಿಸಬೇಕು. ಸಂಬಳವಿಲ್ಲದ ದೀರ್ಘ ರಜೆ, ಅಮಾನತಿನ ದಿನಗಳು, ಸೇವಾ ಪುಸ್ತಕದಲ್ಲಿ ದಾಖಲಾಗದ ಅವಧಿ ಇವುಗಳಿಂದ ಇಪ್ಪತ್ತು ಹತ್ತೊಂಬತ್ತಾಗಬಹುದು. ನೋಟಿಸ್ ಕೊಡುವ ಮೊದಲು ಸೇವಾ ಪುಸ್ತಕ ತರಿಸಿ, ಪುಟ ಪುಟ ನೋಡಿ, ಅರ್ಹ ಸೇವೆ ಇಷ್ಟು ಎಂಬ ದೃಢೀಕರಣವನ್ನು ಕಚೇರಿಯಿಂದ ಬರಹದಲ್ಲಿ ಪಡೆಯಬೇಕು. ಒಂದು ಸರ್ಕಾರಿ ಹುದ್ದೆಯಿಂದ ಇನ್ನೊಂದಕ್ಕೆ ಹೋಗುವವರು ಇಲಾಖೆಯ ಮೂಲಕವೇ ಅರ್ಜಿ ಹಾಕಿ, ಅನುಮತಿ ಪಡೆದು, ತಾಂತ್ರಿಕ ರಾಜೀನಾಮೆ ಎಂದು ಸ್ಪಷ್ಟವಾಗಿ ಬರೆದರೆ ಹಿಂದಿನ ಸೇವೆ ಉಳಿಸಿಕೊಳ್ಳುವ ದಾರಿ ಇದೆ. ಗುಟ್ಟಾಗಿ ಪರೀಕ್ಷೆ ಬರೆದು, ಆದೇಶ ಬಂದ ಮೇಲೆ ತಿಳಿಸುವವರಿಗೆ ಆ ದಾರಿ ಮುಚ್ಚುತ್ತದೆ.

ಆಂಧ್ರದಲ್ಲಿ 2004ರ ಸೆಪ್ಟೆಂಬರ್ 1ರಿಂದ ಈಚೆಗೆ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ನೇಮಕವಾದವರ ಕಥೆ ಬೇರೆ. ಅವರದು ವಂತಿಗೆ ಪಿಂಚಣಿ. ಆ ಪಿಂಚಣಿ ಖಾತೆಯ ಪ್ರಾನ್ ಸಂಖ್ಯೆ ಒಬ್ಬರಿಗೆ ಒಂದೇ, ಕೆಲಸ ಬದಲಾದರೂ ರಾಜ್ಯ ಬದಲಾದರೂ ಅದನ್ನೇ ಮುಂದುವರಿಸಬೇಕು. ನಿವೃತ್ತಿಯ ವಯಸ್ಸಿಗೆ ಮೊದಲೇ ಸರ್ಕಾರಿ ನೌಕರರು ರಾಜೀನಾಮೆ ಕೊಟ್ಟು ಖಾತೆ ಮುಚ್ಚಿದರೆ ಸಾಮಾನ್ಯವಾಗಿ ಕೂಡಿದ ಹಣದ ನೂರರಲ್ಲಿ ಎಂಬತ್ತು ಭಾಗ ವರ್ಷಾಶನ ಕೊಳ್ಳಲು ಹೋಗುತ್ತದೆ, ಕೈಗೆ ಇಪ್ಪತ್ತು. 2025ರ ಏಪ್ರಿಲ್ 1ರಿಂದ ಕೇಂದ್ರ ನೌಕರರಿಗೆ ಬಂದಿರುವ ಏಕೀಕೃತ ಪಿಂಚಣಿಯಲ್ಲಿ ಇಪ್ಪತ್ತೈದು ವರ್ಷ ತುಂಬಿಸಿ ಸ್ವಯಂ ನಿವೃತ್ತಿ ಪಡೆದರೂ, ಖಚಿತ ಪಿಂಚಣಿ ಶುರುವಾಗುವುದು ಸಹಜವಾಗಿ ನಿವೃತ್ತಿ ಆಗಬೇಕಿದ್ದ ದಿನದಿಂದ. ನಡುವಿನ ವರ್ಷಗಳಿಗೆ ಬೇರೆ ಸಂಪಾದನೆ ಇದ್ದರೆ ಮಾತ್ರ ಸ್ವಯಂ ನಿವೃತ್ತಿಯ ಯೋಚನೆ ಮಾಡಬೇಕು.

ಅರ್ಜಿ ಕೊಟ್ಟ ಮೇಲೆ ಮನಸ್ಸು ಬದಲಾದರೆ? 1987ರ ಬಲರಾಂ ಗುಪ್ತ ಪ್ರಕರಣದಲ್ಲಿ, ನಿವೃತ್ತಿ ಜಾರಿಯಾಗುವ ದಿನದ ಒಳಗೆ ನೌಕರ ನೋಟಿಸ್ ಹಿಂಪಡೆಯಲು ಕೇಳಿದರೆ ತಕ್ಕ ಕಾರಣವಿಲ್ಲದೆ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಬ್ಯಾಂಕುಗಳ ವಿಆರ್‌ಎಸ್ ಇದಕ್ಕಿಂತ ದೊಡ್ಡ ಪಾಠ. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ನೌಕರರು ಹೊರಬಂದರು. ಅರ್ಜಿ ಹಾಕಿ, ಒಪ್ಪಿಗೆ ಬರುವ ಮುಂಚೆಯೇ ಹಿಂಪಡೆಯಲು ಹೊರಟವರಿಗೆ ಬ್ಯಾಂಕುಗಳು ಬಿಡಲಿಲ್ಲ. ಬ್ಯಾಂಕ್ ಆಫ್ ಇಂಡಿಯಾ ಪ್ರಕರಣದಲ್ಲಿ 2002ರ ಡಿಸೆಂಬರಿನ ತೀರ್ಪು ನೌಕರರ ಪರ ಬಂತು. ಅಲ್ಲಿಗೂ ಮುಗಿಯಲಿಲ್ಲ. ಇಪ್ಪತ್ತು ವರ್ಷ ಮೀರಿದವರಿಗೆ ಪಿಂಚಣಿ ನಿಯಮದಲ್ಲಿ ಸಿಗಬೇಕಿದ್ದ ಐದು ವರ್ಷಗಳ ಹೆಚ್ಚುವರಿ ಸೇವೆಯನ್ನು ಬ್ಯಾಂಕುಗಳು ಕೊಡಲಿಲ್ಲ; ನಿಯಮವನ್ನು ಆಮೇಲೆ ತಿದ್ದಿದ್ದೇವೆ ಎಂದವು. ಯೋಜನೆ ಒಪ್ಪಿದ ದಿನ ಯಾವ ನಿಯಮ ಇತ್ತೋ ಅದೇ ನಡೆಯಬೇಕು ಎಂದು ಮೋಹನದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2009ರ ಮಾರ್ಚಿನಲ್ಲಿ. ಎಂಟು ವರ್ಷ ಕಾದು ಗೆದ್ದವರ ಕೈಯಲ್ಲಿದ್ದ ಆಸ್ತಿ ಆ ಯೋಜನೆಯ ಸುತ್ತೋಲೆ. ಸಹಿ ಹಾಕಿದ ದಿನದ ಸುತ್ತೋಲೆ, ನಿಯಮದ ಪ್ರತಿ, ಒಪ್ಪಿಗೆ ಪತ್ರ ಮೂರನ್ನೂ ಜಮೀನಿನ ಪತ್ರದಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ.

ಇದಕ್ಕೆ ಎದುರಾದ ತೀರ್ಪೂ ಒಂದಿದೆ, ಅದನ್ನು ಮುಚ್ಚಿಡಬಾರದು. 2003ರ ಎ.ಕೆ. ಬಿಂದಲ್ ಪ್ರಕರಣ. ವಿಆರ್‌ಎಸ್ ಹಣ ಪಡೆದು ಹೊರಬಂದವರು ಆಮೇಲೆ ಹಿಂದಿನ ವೇತನ ಪರಿಷ್ಕರಣೆಯ ಬಾಕಿ ಕೇಳುವಂತಿಲ್ಲ, ಸಂಬಂಧ ಅಲ್ಲಿಗೇ ಮುಗಿಯಿತು ಎಂದು ಕೋರ್ಟ್ ಹೇಳಿತು. ಆದ್ದರಿಂದ ಬಾಕಿ ವೇತನ, ಬರಬೇಕಾದ ತುಟ್ಟಿಭತ್ಯೆ, ಗಳಿಕೆ ರಜೆಯ ನಗದು, ಮುಂದೆ ವೇತನ ಪರಿಷ್ಕರಣೆ ಆದರೆ ಸಿಗುವ ವ್ಯತ್ಯಾಸ ಎಲ್ಲವೂ ಒಪ್ಪಂದದಲ್ಲಿ ಹೆಸರು ಹಿಡಿದು ಬರೆದಿರಬೇಕು. 'ಇನ್ನು ಯಾವ ಬಾಕಿಯೂ ಇಲ್ಲ' ಎಂಬ ಸಾಲಿಗೆ ಸಹಿ ಮಾಡುವ ಮುನ್ನ ಅದರ ಮೇಲೆ 'ಇಂತಿಂಥವುಗಳನ್ನು ಬಿಟ್ಟು' ಎಂದು ಸೇರಿಸಲು ಕೇಳಿ. ಚೌಕಾಸಿ ಎಂದರೆ ಮೊತ್ತ ಏರಿಸುವುದಷ್ಟೇ ಅಲ್ಲ. ಸರ್ಕಾರಿ ಯೋಜನೆಗಳಲ್ಲಿ ಮೊತ್ತ ಏರುವುದೂ ಇಲ್ಲ. ಕೇಳಬಹುದಾದದ್ದು ಹೊರಬರುವ ದಿನಾಂಕ. ಕರ್ನಾಟಕದ ವಿದ್ಯುತ್ ಪ್ರಸರಣ ನಿಗಮದ (ಕೆಪಿಟಿಸಿಎಲ್) ನೌಕರರ ಪ್ರಕರಣದಲ್ಲಿ 2023ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟ್, ವರ್ಷವಿಡೀ ದುಡಿದು ವಾರ್ಷಿಕ ವೇತನ ಬಡ್ತಿ ಜಾರಿಯಾಗುವ ಹಿಂದಿನ ದಿನ ನಿವೃತ್ತರಾದವರಿಗೂ ಅದು ಸಲ್ಲಬೇಕು ಎಂದಿತು. ವರ್ಷ ತುಂಬಲು ಎರಡು ತಿಂಗಳು ಉಳಿದಿದ್ದರೆ ಕಾಯುವುದು ಲಾಭ. ಕೊನೆಯ ಮೂಲ ವೇತನ ಏರಿದರೆ ಪಿಂಚಣಿ ಸಾಯುವವರೆಗೂ ಏರಿದಂತೆಯೇ.

ಖಾಸಗಿ ಮಿಲ್ಲು, ಕಾರ್ಖಾನೆಗಳಲ್ಲಿ ಚೌಕಾಸಿಗೆ ನಿಜವಾಗಿಯೂ ಜಾಗ ಇದೆ, ಮೋಸಕ್ಕೂ ಅಷ್ಟೇ ಜಾಗ ಇದೆ. ಕೆಲಸ ಕಡಿಮೆಯಾದಾಗ ಮಾಲೀಕರು ಕರೆದು ಹೇಳುವುದು ಒಂದೇ ಮಾತು: 'ನೀನೇ ಬಿಡ್ತೀನಿ ಅಂತ ಬರೆದುಕೊಡು, ಸೆಟ್ಲ್‌ಮೆಂಟ್ ಮಾಡ್ತೀನಿ.' ಹಾಗೆ ಬರೆದುಕೊಟ್ಟ ಕ್ಷಣ ಅದು ಕೆಲಸದಿಂದ ತೆಗೆದದ್ದಾಗಿ ಉಳಿಯುವುದಿಲ್ಲ. ಸ್ವಂತ ಇಚ್ಛೆಯ ನಿವೃತ್ತಿಯನ್ನು ಕಾರ್ಮಿಕ ಕಾನೂನು ಹಿಂಕಡಿತ (ರಿಟ್ರೆಂಚ್ಮೆಂಟ್) ಎಂದು ಪರಿಗಣಿಸುವುದಿಲ್ಲ. ಹಿಂಕಡಿತವಾದರೆ ಒಂದು ವರ್ಷ ಸತತ ಸೇವೆ ಮಾಡಿದ ಕಾರ್ಮಿಕನಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ ಸಿಗಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಇದರ ಜೊತೆಗೆ ಮರುಕೌಶಲ ನಿಧಿಯಿಂದ 15 ದಿನದ ವೇತನವೂ ಇದೆ. ಬರೆದುಕೊಟ್ಟವನು ಇವೆಲ್ಲ ಕಳೆದುಕೊಳ್ಳುತ್ತಾನೆ.

ಹಾಗಾದರೆ ಕನಿಷ್ಠ ಎಷ್ಟು ಕೇಳಬೇಕು? ಒಂದು ಲೆಕ್ಕ ಹಾಕೋಣ. ತಿಂಗಳಿಗೆ 15,600 ಸಂಬಳ, ಅಂದರೆ 26 ದಿನಕ್ಕೆ ದಿನವೊಂದಕ್ಕೆ 600. ಹನ್ನೆರಡು ವರ್ಷದ ಸೇವೆ. ಗ್ರಾಚ್ಯುಟಿ ವರ್ಷಕ್ಕೆ 15 ದಿನದಂತೆ 1,08,000. ಹಿಂಕಡಿತದ ಪರಿಹಾರ ತೊಂಬತ್ತು ಸಾವಿರದ ಮೇಲೆ. ನೋಟಿಸ್ ಸಂಬಳ 15,600. ಒಟ್ಟು ಎರಡು ಲಕ್ಷ ದಾಟುತ್ತದೆ. ಇದು ಮಾಲೀಕರ ಔದಾರ್ಯವಲ್ಲ, ಕಾನೂನೇ ಹಾಕಿದ ನೆಲಗಟ್ಟು. ಸ್ವಯಂ ನಿವೃತ್ತಿಯ ಮಾತು ಇದಕ್ಕಿಂತ ಮೇಲಿಂದ ಶುರುವಾಗಬೇಕು. ಇಲ್ಲವಾದರೆ ಕಾರ್ಮಿಕ ಯಾಕೆ ತಾನಾಗಿ ಬಿಡಬೇಕು? ಕೆಲವರು ಪಿಎಫ್ ಹಣವನ್ನೂ ಸೇರಿಸಿ ದೊಡ್ಡ ಮೊತ್ತ ತೋರಿಸುತ್ತಾರೆ. ಪಿಎಫ್ ಕಾರ್ಮಿಕನ ಸ್ವಂತ ಹಣ, ಅದು ಪರಿಹಾರವಲ್ಲ. ಗ್ರಾಚ್ಯುಟಿಯೂ ಬೇರೆಯೇ, ಅದನ್ನು 30 ದಿನದೊಳಗೆ ಕೊಡಬೇಕು. ಕಾಗದದ ಮೇಲೆ ಮೂರನ್ನೂ ಮೂರು ಸಾಲಿನಲ್ಲಿ ಬರೆಸಿ. ತೆರಿಗೆಯ ಮಟ್ಟಿಗೆ, ನಿಯಮಕ್ಕೆ ತಕ್ಕಂತೆ ರೂಪಿಸಿದ ವಿಆರ್‌ಎಸ್ ಯೋಜನೆಯ ಪರಿಹಾರಕ್ಕೆ 5 ಲಕ್ಷದವರೆಗೆ ವಿನಾಯಿತಿ ಇದೆ, ಜೀವನದಲ್ಲಿ ಒಮ್ಮೆ ಮಾತ್ರ.

ಈಗ ನಮ್ಮ ಕಡೆಯ ಅತಿ ಹೆಚ್ಚು ಜನರನ್ನು ತಟ್ಟುವ ವಿಷಯ. ಕೌತಾಳಂ, ಕೋಸಿಗಿ, ಪೆದ್ದಕಡಬೂರು ಸುತ್ತಿನ ಹಳ್ಳಿಗಳಿಂದ ಮಳೆ ಕೈಕೊಟ್ಟಾಗಲೆಲ್ಲ ಜನ ಗುಳೆ ಹೋಗುತ್ತಾರೆ. ಗುಂಟೂರಿನ ಮೆಣಸಿನಕಾಯಿ ಹೊಲ, ಬೆಂಗಳೂರು, ಹೈದರಾಬಾದಿನ ಕಟ್ಟಡ ಕೆಲಸ. ಅವರಲ್ಲಿ ಕೆಲವರು ಕಾರ್ಖಾನೆ, ಗಾರ್ಮೆಂಟ್ಸ್, ಸೆಕ್ಯುರಿಟಿ ಕೆಲಸ ಹಿಡಿದು ಪಿಎಫ್ ಪುಸ್ತಕಕ್ಕೆ ಬರುತ್ತಾರೆ. ನಾಲ್ಕು ವರ್ಷ ಒಂದು ಕಡೆ, ಮೂರು ವರ್ಷ ಇನ್ನೊಂದು ಕಡೆ, ಮತ್ತೆ ನಾಲ್ಕು ವರ್ಷ ಮತ್ತೊಂದು ಕಡೆ. ಪ್ರತಿ ಸಲ ಕೆಲಸ ಬಿಟ್ಟಾಗ ಪಿಎಫ್ ತೆಗೆದುಬಿಡುತ್ತಾರೆ, ಜೊತೆಗೆ ಪಿಂಚಣಿಯ ಭಾಗವನ್ನೂ. ಹನ್ನೊಂದು ವರ್ಷ ದುಡಿದರೂ ಪಿಂಚಣಿ ಇಲ್ಲ.

ಇವರನ್ನು ಬೈಯುವುದು ಸುಲಭ, ಸರಿಯಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದದ್ದು ಈ ಹಣಕ್ಕಾಗಿಯೇ. ಮಾಲೀಕರ ಪಾಲಿನ ಪಿಎಫ್ 58 ವರ್ಷದವರೆಗೆ ಕೈಗೆ ಸಿಗುವುದಿಲ್ಲ ಎಂಬ ಕೇಂದ್ರದ ಅಧಿಸೂಚನೆಯ ವಿರುದ್ಧ ಸಾವಿರಾರು ಮಂದಿ ಎರಡು ದಿನ ನಗರವನ್ನೇ ನಿಲ್ಲಿಸಿದರು. ಏಪ್ರಿಲ್ 19ರಂದು ಸರ್ಕಾರ ಅಧಿಸೂಚನೆ ಹಿಂತೆಗೆದುಕೊಂಡಿತು. ಕಡಿಮೆ ಸಂಬಳದಲ್ಲಿ ಉಳಿಯುವ ಏಕೈಕ ಗಂಟು ಪಿಎಫ್. ಮನೆಯ ಚಾವಣಿ, ಆಸ್ಪತ್ರೆ, ಮಕ್ಕಳ ಫೀಜು ಎಲ್ಲ ಅದರಿಂದಲೇ. ಆ ಹೆಣ್ಣುಮಕ್ಕಳು ಕೇಳಿದ್ದು ತಮ್ಮದೇ ಹಣವನ್ನು, ಅವರ ಹೋರಾಟ ನ್ಯಾಯವಾದದ್ದು.

ಆದರೆ ಎಲ್ಲರಿಗೂ ತಿಳಿಯಬೇಕಾದ ಒಂದು ಸಂಗತಿ ಉಳಿದೇ ಇದೆ. ಪಿಎಫ್ ಹಣ ಬೇರೆ, ಪಿಂಚಣಿಯ ಸೇವೆ ಬೇರೆ. ಮಾಲೀಕರು ಕಟ್ಟುವ ಪಾಲಿನಲ್ಲಿ ಸಂಬಳದ ನೂರಕ್ಕೆ 8.33, ಮಿತಿಯಂತೆ ಹೆಚ್ಚೆಂದರೆ ತಿಂಗಳಿಗೆ 1,250 ರೂಪಾಯಿ, ಪಿಂಚಣಿ ನಿಧಿಗೆ ಹೋಗುತ್ತದೆ. ಕಷ್ಟಕ್ಕೆ ಪಿಎಫ್ ತೆಗೆದುಕೊಂಡರೂ ಪಿಂಚಣಿಯ ಭಾಗವನ್ನು ಮುಟ್ಟದೆ ಇಡಬಹುದು. ಫಾರಂ 10-ಸಿ ತುಂಬುವಾಗ ಹಣ ವಾಪಸ್ ಕೇಳುವ ಬದಲು 'ಸ್ಕೀಂ ಸರ್ಟಿಫಿಕೇಟ್' ಕೇಳಿದರೆ ಸಾಕು. ಅಷ್ಟು ವರ್ಷದ ಸೇವೆ ಅದರಲ್ಲಿ ಜಮೆಯಾಗಿರುತ್ತದೆ. ಮುಂದಿನ ಕೆಲಸದಲ್ಲಿ ಅದಕ್ಕೆ ಹೊಸ ವರ್ಷಗಳು ಕೂಡುತ್ತವೆ. ಹೊಸ ಕಂಪನಿಗೆ ಹೋದವರು ಪಿಎಫ್ ಸದಸ್ಯರ ಗುರುತಾದ ಅದೇ ಯುಎಎನ್ ಸಂಖ್ಯೆ ಕೊಟ್ಟು ಹಳೆಯ ಖಾತೆಯನ್ನು ವರ್ಗಾಯಿಸಿಕೊಂಡರೂ ಆಯಿತು. ಹೊಸ ಯುಎಎನ್ ಮಾಡಿಸಲು ಗುತ್ತಿಗೆದಾರರು ಹೇಳಿದರೆ ಒಪ್ಪಬೇಡಿ.

ಹತ್ತು ವರ್ಷ ಕೂಡಿದರೆ ಪಿಂಚಣಿ. ಸೂತ್ರ ಸರಳ: ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 15,000ದ ಮಿತಿಯಲ್ಲಿ ಮೇಲೆ ಹೇಳಿದ ಹನ್ನೊಂದು ವರ್ಷಕ್ಕೆ ತಿಂಗಳಿಗೆ 2,357 ರೂಪಾಯಿ, 58ರಿಂದ ಸಾಯುವವರೆಗೆ. ಆಮೇಲೆ ಹೆಂಡತಿಗೋ ಗಂಡನಿಗೋ ಅದರ ಅರ್ಧ. ದೊಡ್ಡ ಹಣವಲ್ಲ. ಕನಿಷ್ಠ ಪಿಂಚಣಿ 2014ರಲ್ಲಿ ನಿಗದಿಯಾದದ್ದು 1,000 ರೂಪಾಯಿ. ಈ ಕಾಲಕ್ಕೆ ಅದು ನಾಚಿಕೆಗೇಡಿನ ಮೊತ್ತ, ಏರಿಸಲೇಬೇಕು. ಆದರೂ ಮಗನ ಮುಂದೆ ಕೈಚಾಚದೆ ಔಷಧಿ ಕೊಳ್ಳುವ ಮುದುಕಿಗೆ ಎರಡು ಸಾವಿರದ ಬೆಲೆ ಗೊತ್ತಿರುತ್ತದೆ. ಐವತ್ತು ತುಂಬಿದ ಕೂಡಲೇ ಪಿಂಚಣಿ ಬೇಡಿದರೆ ಪ್ರತಿ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಕಡಿತವಾಗಿ ಕಾಲು ಭಾಗಕ್ಕಿಂತ ಹೆಚ್ಚು ಶಾಶ್ವತವಾಗಿ ಹೋಗುತ್ತದೆ. ಅರವತ್ತರವರೆಗೆ ಮುಂದೂಡಿದರೆ ವರ್ಷಕ್ಕೆ ನಾಲ್ಕರಂತೆ ಏರುತ್ತದೆ. ವಿಆರ್‌ಎಸ್ ಹಣ ಕೈಯಲ್ಲಿ ಇರುವವರು ಐವತ್ತಕ್ಕೇ ಪಿಂಚಣಿಗೆ ಅವಸರ ಮಾಡುವುದು ನಷ್ಟ.

ಗಡಿಯ ಜನಕ್ಕೆ ಒಂದು ಒಳ್ಳೆಯ ಸುದ್ದಿಯೂ ಇದೆ. 2025ರ ಜನವರಿ 1ರಿಂದ ಇಪಿಎಸ್ ಪಿಂಚಣಿಯನ್ನು ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಡೆಯಬಹುದು. ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ದುಡಿದು ಊರಿಗೆ ಮರಳಿದವರು ಪಿಂಚಣಿ ಆದೇಶವನ್ನು ಕಚೇರಿಯಿಂದ ಕಚೇರಿಗೆ ವರ್ಗಾಯಿಸಲು ಅಲೆಯಬೇಕಿಲ್ಲ. ಅಲೆದಾಟ ಉಳಿದಿರುವುದು ದಾಖಲೆಯ ತಪ್ಪುಗಳಲ್ಲಿ. ಆಂಧ್ರದ ಆಧಾರ್‌ನಲ್ಲಿ ಮನೆಹೆಸರು ಮುಂದೆ, ಕರ್ನಾಟಕದ ಕಂಪನಿಯ ದಾಖಲೆಯಲ್ಲಿ ಹಿಂದೆ. ಹುಟ್ಟಿದ ದಿನ ಒಂದರಲ್ಲಿ ಜೂನ್ 1, ಇನ್ನೊಂದರಲ್ಲಿ ಜುಲೈ 1. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ದಾಖಲಿಸಿಯೇ ಇಲ್ಲ. ಕಂಪನಿ ನಡೆಯುತ್ತಿರುವಾಗ, ನೀವು ಅಲ್ಲಿ ನೌಕರರಾಗಿರುವಾಗ ಇವನ್ನು ತಿದ್ದಿಸುವುದು ಒಂದು ವಾರದ ಕೆಲಸ. ಮಿಲ್ಲು ಮುಚ್ಚಿ, ಸಹಿ ಮಾಡುವವರೇ ಇಲ್ಲದಾದ ಮೇಲೆ ವರ್ಷಗಳೇ ಹಿಡಿಯಬಹುದು. ಹೊರಬರುವ ಒಪ್ಪಂದದಲ್ಲಿ ಈ ತಿದ್ದುಪಡಿಯನ್ನೂ ಒಂದು ಷರತ್ತಾಗಿ ಇಡಿ. ಮಾಲೀಕರಿಗೆ ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಬೇಡ ಎನ್ನಲು ಕಾರಣವೂ ಇಲ್ಲ.

ಭವಿಷ್ಯ ನಿಧಿ ಸಂಸ್ಥೆ 2023ರಿಂದ 'ನಿಧಿ ಆಪ್ಕೆ ನಿಕಟ್' ಎಂಬ ಶಿಬಿರವನ್ನು ಪ್ರತಿ ತಿಂಗಳ 27ರಂದು, ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ, ಜಿಲ್ಲೆ ಜಿಲ್ಲೆಯಲ್ಲೂ ನಡೆಸುತ್ತಿದೆ. ಆಧಾರ್, ಬ್ಯಾಂಕ್ ಪುಸ್ತಕ, ಯುಎಎನ್ ಸಂಖ್ಯೆ ಹಿಡಿದು ಒಮ್ಮೆ ಹೋಗಿ ಬನ್ನಿ. ನನ್ನ ಸೇವೆ ಎಷ್ಟು ವರ್ಷ ಜಮೆಯಾಗಿದೆ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಓದು ಬಾರದ ಅಪ್ಪ, ಅಮ್ಮ ಪಿಎಫ್‌ನಲ್ಲಿದ್ದರೆ ಅವರ ಜೊತೆ ಮಕ್ಕಳು ಹೋಗಿ. ರಾಜೀನಾಮೆ ಪತ್ರಕ್ಕೋ ವಿಆರ್‌ಎಸ್ ಅರ್ಜಿಗೋ ಸಹಿ ಮಾಡುವುದು ಆ ಉತ್ತರ ಕೈಗೆ ಬಂದ ಮೇಲೆ ಇರಲಿ.